ಪದಗಳ ನೇಕಾರ ರೆವರೆಂಡ್ ಕಿಟೆಲ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಪ್ರೀತಿಯಿಂದ ಕೇಳಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದು ನಿಂತದ್ದು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದ್ದ ನಾಲ್ಕು ದಪ್ಪ ಸಂಪುಟಗಳು. ನಾನು ಸಾಹಿತಿಯಲ್ಲ. ಸೇಲಂ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕಪತ್ರಗಳನ್ನು ಬರೆದು ನಿವೃತ್ತನಾದವನು. ಆದರೂ ಆ ಸಂಪುಟಗಳನ್ನು ಮೊದಲು ಕಟ್ಟಿದ ಮಹನೀಯರಿಂದ ನಾನು ಕಲಿತ ಒಂದು ಪಾಠವನ್ನು ಹಳೆಯ ವಿದ್ಯಾರ್ಥಿ ಮಿತ್ರರೊಡನೆ ಹಂಚಿಕೊಳ್ಳಬೇಕೆಂಬ ಆಸೆ ಬಹು ದಿನಗಳಿಂದ ಇತ್ತು. ಆ ಮಹನೀಯರು ರೆವರೆಂಡ್ ಫರ್ಡಿನೆಂಡ್ ಕಿಟೆಲ್. ಆ ಪಾಠ, ಮಾಡುವ ಕೆಲಸದಲ್ಲಿ ಮನಸ್ಸನ್ನು ಪೂರ್ತಿಯಾಗಿ ನೆಡುವುದರಿಂದ ದೊರೆಯುವ ತೃಪ್ತಿ.

ನಮ್ಮ ಕಡೆಯ ಕನ್ನಡದ ಸ್ಥಿತಿ ಓದುಗರಿಗೆ ಗೊತ್ತೇ ಇದೆ. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದ ಭಾಷೆಯಲ್ಲ. ನೊಳಂಬ ಅರಸರ ಕಾಲದ, 9ನೆಯ ಶತಮಾನದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ದೇವಾಂಗ ನೇಕಾರರ ಮನೆಗಳಲ್ಲಿ, ಹೊಸೂರು ಕಡೆಯ ರೈತರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದುಬಂದಿದೆ. ಆದರೆ ಬಹಳ ಮನೆಗಳಲ್ಲಿ ಅದು ಬಾಯಿಯ ಕನ್ನಡ ಮಾತ್ರ, ಅಕ್ಷರದ ಕನ್ನಡವಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ತಂದೆಯವರು ರೇಷ್ಮೆ ಪಂಚೆ ನೇಯುತ್ತಿದ್ದ ನೇಕಾರರು. ಮನೆಯೊಳಗೆ ಮಗ್ಗವೆಂದದ್ದು ಬೀದಿಗೆ ಬಂದರೆ ತರಿಯಾಗುತ್ತಿತ್ತು. ಮನೆಯಲ್ಲಿ ಆಡುವುದು ಒಂದು ತರಹದ ಬೆರಕೆ ಮಾತು, ಪುಸ್ತಕದ ಕನ್ನಡ ಬೇರೆಯೇ ಇದೆ, ನಮ್ಮದಕ್ಕೆ ಬೆಲೆಯಿಲ್ಲ ಎಂಬ ಸಂಕೋಚದಿಂದಲೇ ನಾವು ಶಾಲೆಯ ಮೆಟ್ಟಿಲು ಹತ್ತಿದೆವು.

ಒಮ್ಮೆ ನಮ್ಮ ಕನ್ನಡ ಪಂಡಿತರು, ಮನೆಯಲ್ಲಿ ಮಾತ್ರ ಆಡುವ ಹತ್ತು ಪದಗಳನ್ನು ಬರೆದು ತರಬೇಕೆಂದು ಹೇಳಿದರು. ನಾನು ಮಗ್ಗ, ಹಾಸು, ಹೊಕ್ಕು ಎಂದೆಲ್ಲ ಬರೆದುಕೊಂಡು ಹೋಗಿ, ಇವು ನಿಜವಾದ ಕನ್ನಡ ಪದಗಳೇ ಎಂದು ಅಂಜುತ್ತ ಕೇಳಿದೆ. ಪಂಡಿತರು ಉತ್ತರ ಹೇಳಲಿಲ್ಲ. ಕಪಾಟಿನ ಬೀಗ ತೆಗೆದು ಒಂದು ಸಂಪುಟವನ್ನು ಮೇಜಿನ ಮೇಲಿಟ್ಟು, ನೀನೇ ಹುಡುಕಿ ನೋಡು ಎಂಬಂತೆ ಕೈ ತೋರಿಸಿದರು. ಅಕಾರಾದಿ ಕ್ರಮ ನನಗೆ ಆಗತಾನೆ ಅಭ್ಯಾಸವಾಗುತ್ತಿತ್ತು. ಬೆರಳಿಟ್ಟು ಹುಡುಕುತ್ತ ಹೋದೆ. ಮಗ್ಗ ಅಲ್ಲಿತ್ತು. ಹಾಸು ಅಲ್ಲಿತ್ತು. ಅದರ ಹಳೆಯ ರೂಪ ಪಾಸು ಎಂಬುದು ಕೂಡ ಅಲ್ಲಿತ್ತು. ತಮಿಳಿನ ಪಾಲ್ ನಮ್ಮಲ್ಲಿ ಹಾಲಾದಂತೆ, ಪುಲಿ ಹುಲಿಯಾದಂತೆ, ಪಾಸು ಹಾಸಾಗಿದೆಯೆಂದು ಪಂಡಿತರು ವಿವರಿಸಿದರು. ನಮ್ಮ ಮನೆಯ ಗುಂಡಿಮಗ್ಗದ ಪದಕ್ಕೆ ಇಷ್ಟು ಹಿರಿಯ ವಂಶವಿದೆಯೆಂದು ತಿಳಿದಾಗ ಆದ ಸಂತೋಷವನ್ನು ಈಗಲೂ ಮರೆಯಲಾರೆ. ಸಂಜೆ ಮನೆಗೆ ಓಡಿ ತಂದೆಯವರಿಗೆ ಹೇಳಿದೆ. ಅವರು ಕೈಯನ್ನು ನಿಲ್ಲಿಸದೆಯೇ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ನಮ್ಮ ಮಾತುಗಳನ್ನು ಕೂತು ಎಣಿಸಿದ ಆ ಪುಣ್ಯಾತ್ಮ ಯಾರು? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಹಲವು ವರ್ಷಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಫರ್ಡಿನೆಂಡ್ ಕಿಟೆಲ್ ಅವರು 1832ನೆಯ ಇಸವಿ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಕಡಲತೀರದ ಪ್ರಾಂತ್ಯದಲ್ಲಿ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಕಾಕತಾಳೀಯವೆಂಬಂತೆ ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಮುಂದೆ ಆ ಕೆಲಸವನ್ನು ಬಹುದೂರ ಕೊಂಡೊಯ್ಯಬೇಕಾದ ಶಿಶು ಸಾವಿರಾರು ಮೈಲಿಗಳಾಚೆ ಆ ವರ್ಷವೇ ಕಣ್ತೆರೆಯಿತು. ಬಾಲಕ ಕಿಟೆಲ್ ಶಾಲೆಯಲ್ಲಿ ಪ್ರಾಚೀನ ಭಾಷೆಗಳನ್ನು ಆಸಕ್ತಿಯಿಂದ ಕಲಿತರು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ ತರಬೇತಿ ಪಡೆದರು. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರನ್ನು ಮಿಷನ್ ಭಾರತಕ್ಕೆ ಕಳುಹಿಸಿತು. ಹಡಗಿನಲ್ಲಿ ಬಂದಿಳಿದ ಅವರ ಮುಂದಿನ ಬಾಳೆಲ್ಲ ಮಂಗಳೂರು, ಧಾರವಾಡ, ಕೊಡಗುಗಳ ಕನ್ನಡ ನೆಲದೊಡನೆ ಬೆಸೆದುಕೊಂಡಿತು.

ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದಿದ್ದರು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. 1850ರ ದಶಕದಲ್ಲಿ ಅಲ್ಲಿ ನೇಯ್ಗೆಯ ಕಾರ್ಖಾನೆಯೂ, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂದವು. ನೇಕಾರರಾದ ನಮಗೆ ಈ ಸಂಗತಿ ಹಿತವೆನಿಸುತ್ತದೆ: ಕನ್ನಡದ ಮಹಾ ನಿಘಂಟು ಅಚ್ಚಾದ ಊರಿನಲ್ಲಿ, ಅದೇ ಸಂಸ್ಥೆಯ ಆಶ್ರಯದಲ್ಲಿ ಮಗ್ಗಗಳೂ ಸದ್ದು ಮಾಡುತ್ತಿದ್ದವು.

ಯುವಕ ಕಿಟೆಲ್ ಬಂದದ್ದು ಮತಪ್ರಚಾರಕ್ಕೆ. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕು, ಅವರ ಭಾಷೆಯನ್ನು ಅವರಂತೆಯೇ ಅರಿಯಬೇಕು ಎಂಬುದು ಅವರ ಹಂಬಲ. ಈ ರೀತಿ ಅವರ ಸಹೋದ್ಯೋಗಿಗಳಿಗೆಲ್ಲ ರುಚಿಸಲಿಲ್ಲ. ಒಂಟಿ ಸ್ವಭಾವದವರು, ಜನರನ್ನು ಕೂಡಿಸುವುದಕ್ಕಿಂತ ಗ್ರಂಥಗಳಲ್ಲಿ ಹೆಚ್ಚು ಮುಳುಗಿರುವವರು ಎಂಬ ಹೆಸರು ಅವರಿಗೆ ಬಂತು. ಯಾವ ಕೆಲಸಕ್ಕೆಂದು ಕಳುಹಿಸಿದ್ದರೋ ಆ ಕೆಲಸದಲ್ಲಿ ಅವರು ಯಶಸ್ವಿಗಳೆನಿಸಿಕೊಳ್ಳಲಿಲ್ಲ. ಈ ಮಾತನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಮಹಾಪುರುಷರ ಚರಿತ್ರೆಗಳಲ್ಲಿ ನಾವು ಗೆಲುವನ್ನಷ್ಟೇ ಓದುತ್ತೇವೆ. ಕಿಟೆಲ್ ಅವರ ಬಾಳಿನ ಮೊದಲ ಭಾಗದಲ್ಲಿ ಗೆಲುವು ಅತ್ಯಲ್ಪ.

ಸಂಸಾರದಲ್ಲಿಯೂ ದುಃಖ ಬಂತು. 1860ರಲ್ಲಿ ಪೌಲೀನ್ ಐತ್ ಎಂಬ ಕನ್ಯೆಯನ್ನು ವರಿಸಿದ್ದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯವರನ್ನು ಕಿಟೆಲ್ ಮದುವೆಯಾದರು. ಈ ಏಳುಬೀಳುಗಳ ನಡುವೆ ಅವರ ಕೈ ಬಿಡದೆ ಹಿಡಿದುಕೊಂಡದ್ದು ಕನ್ನಡ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸುಗಳಲ್ಲಿ ಪದ್ಯವಾಗಿ ರಚಿಸಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಪರದೇಶದಿಂದ ಬಂದವರೊಬ್ಬರು ಒಂಬತ್ತು ವರ್ಷಗಳಲ್ಲಿ ಛಂದೋಬದ್ಧವಾಗಿ ಕಾವ್ಯ ಬರೆಯುವಷ್ಟು ಕನ್ನಡ ಕಲಿಯಬೇಕಾದರೆ ಎಂತಹ ಅಭ್ಯಾಸ ಬೇಕೆಂಬುದನ್ನು ಷಟ್ಪದಿಯ ಮಾತ್ರೆ ಎಣಿಸಲು ತಿಣುಕಾಡಿದ ನಾವೆಲ್ಲರೂ ಊಹಿಸಬಲ್ಲೆವು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಬೆಳಕಿಗೆ ತಂದರು. ಮೊದಲನೆಯದು 13ನೆಯ ಶತಮಾನದ ವ್ಯಾಕರಣ, ಎರಡನೆಯದು 10ನೆಯ ಶತಮಾನದ ಛಂದಶ್ಶಾಸ್ತ್ರ. ಓಲೆಗರಿಗಳನ್ನು ತಂದು, ಪ್ರತಿಗೆ ಪ್ರತಿಯನ್ನು ಹೋಲಿಸಿ, ನಕಲುಗಾರರ ತಪ್ಪುಗಳನ್ನು ಒಂದೊಂದಾಗಿ ತಿದ್ದಿ ಮಾಡಬೇಕಾದ ಕೆಲಸವಿದು.

ಈ ಸೂಕ್ಷ್ಮ ಪರಿಶ್ರಮಕ್ಕೆ ನಮ್ಮ ಕಡೆಯವರಿಗೆ ಸುಲಭವಾಗಿ ತಿಳಿಯುವ ನಿದರ್ಶನವೊಂದಿದೆ. ತಮಿಳಿನಲ್ಲಿ ಮಳೆ, ಕೋಳಿ, ಏಳು ಎಂಬ ಪದಗಳನ್ನು ಹೇಳುವಾಗ ನಾಲಿಗೆಯನ್ನು ಮಡಿಸಿ ಉಚ್ಚರಿಸುವ ಒಂದು ವಿಶೇಷ ಅಕ್ಷರ ಉಂಟಷ್ಟೆ. ತಮಿಳು ತರಗತಿಯಲ್ಲಿ ಅದನ್ನು ಸರಿಯಾಗಿ ಉಚ್ಚರಿಸದೆ ನಾವೆಲ್ಲ ಬೈಸಿಕೊಂಡವರೇ. ಹಳಗನ್ನಡದಲ್ಲಿಯೂ ಅದೇ ಅಕ್ಷರವಿತ್ತು. ಮೞೆ, ಕೋೞಿ, ಏೞು ಎಂದೇ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಅದು ಬಳಕೆಯಿಂದ ಬಿದ್ದುಹೋಗಿ, ಳಕಾರದಲ್ಲಿ ಬೆರೆತುಹೋಯಿತು. ಓಲೆಗರಿಗಳನ್ನು ನಕಲು ಮಾಡುವವರಿಗೂ ಎರಡರ ಭೇದ ಮರೆತಿತ್ತು. ಕಿಟೆಲ್ ಅವರು ಈ ಮರೆತ ೞಕಾರವನ್ನೂ, ಅದರಂತೆಯೇ ಕಾಣೆಯಾಗಿದ್ದ ಱಕಾರವನ್ನೂ ಗುರುತಿಸಿ, ಯಾವ ಯಾವ ಪದಗಳಲ್ಲಿ ಅವು ಇದ್ದವೆಂಬುದನ್ನು ತಮ್ಮ ನಿಘಂಟಿನಲ್ಲಿ ನಮೂದಿಸಿದರು. ಒಂದು ಅಕ್ಷರದ ಸುಳಿವನ್ನು ಹಿಡಿದು ಗ್ರಂಥದಿಂದ ಗ್ರಂಥಕ್ಕೆ ಹೋಗುವ ಮನಸ್ಸು ಅದು. ತಮಿಳು, ಕನ್ನಡ ಎರಡನ್ನೂ ಆಡುವ ನಮ್ಮ ಮಕ್ಕಳಿಗೆ ಈ ಎರಡು ಭಾಷೆಗಳು ದಾಯಾದಿಗಳಲ್ಲ, ಒಡಹುಟ್ಟಿದವರು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿಯದು.

ಇನ್ನು ಮಹಾಕಾರ್ಯವಾದ ನಿಘಂಟಿನ ವಿಚಾರ. ರೀವ್ ಅವರ ನಿಘಂಟನ್ನು ಸ್ಯಾಂಡರ್ಸನ್ ಎಂಬವರು 1858ರಲ್ಲಿ ಬೆಂಗಳೂರಿನಲ್ಲಿ ಪರಿಷ್ಕರಿಸಿ ಪ್ರಕಟಿಸಿದ್ದರು. ಅದು ಸಾಲದಾದಾಗ ಹೊಸ ನಿಘಂಟಿನ ಭಾರ 1870ರ ದಶಕದಲ್ಲಿ ಕಿಟೆಲ್ ಅವರ ಹೆಗಲಿಗೆ ಬಂತು. ಹಳೆಯದಕ್ಕೆ ನಾಲ್ಕಾರು ಸಾವಿರ ಪದ ಸೇರಿಸಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಳಗನ್ನಡ ಕಾವ್ಯಗಳಿಂದ ಹಿಡಿದು ಪುರಾಣ, ದಾಸರ ಪದ, ಜನರ ಗಾದೆಗಳವರೆಗೆ ಎಲ್ಲವನ್ನೂ ಶೋಧಿಸಿದರು. ಸ್ಥಳೀಯ ಪಂಡಿತರ ನೆರವು ಪಡೆದರು. ಒಂದು ಪದ ಸಿಕ್ಕಿತೆಂದರೆ ಅದರ ಅರ್ಥಗಳೆಷ್ಟು, ಯಾವ ಅರ್ಥಕ್ಕೆ ಎಲ್ಲಿ ಪ್ರಯೋಗವಿದೆ, ಅದು ಸಂಸ್ಕೃತದಿಂದ ಬಂದದ್ದೋ ದೇಶ್ಯವೋ ತದ್ಭವವೋ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಬಂಧುಗಳು ಯಾರು, ಅದನ್ನು ಹಿಡಿದ ಗಾದೆ ಉಂಟೆ ಎಂದು ಪರಿಶೀಲಿಸಿದರು. ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ಪದಗಳ ಪಟ್ಟಿಯನ್ನೂ ಪೀಠಿಕೆಯಲ್ಲಿ ಕೊಟ್ಟರು.

ಲೆಕ್ಕದ ಮನುಷ್ಯನಾದ ನಾನು ಒಮ್ಮೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ನಿಘಂಟಿನಲ್ಲಿರುವ ಪದಗಳು ಸುಮಾರು 70,000. ಕೆಲಸಕ್ಕೆ ಹಿಡಿದ ಕಾಲವನ್ನು ಸುಮಾರು 20 ವರ್ಷವೆಂದಿಟ್ಟುಕೊಂಡರೆ ವರ್ಷಕ್ಕೆ 3,500 ಪದ. ಭಾನುವಾರ, ಹಬ್ಬ, ಕಾಯಿಲೆ ಯಾವುದಕ್ಕೂ ರಜೆಯಿಲ್ಲದಂತೆ ಎಣಿಸಿದರೆ ದಿನಕ್ಕೆ ಹತ್ತು ಪದ. ಶಾಲೆಯಲ್ಲಿ ಪಂಡಿತರು ನಮಗೆ ಕೊಟ್ಟ ಮನೆಪಾಠದಷ್ಟೇ! ದಿನಕ್ಕೆ ಹತ್ತು ಪದವೆಂದರೆ ದೊಡ್ಡದಲ್ಲವೆಂದು ತೋರುತ್ತದೆ. ಆದರೆ ಪ್ರತಿ ಪದಕ್ಕೂ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ನಡೆಸಿ, ನಾಳೆ ಮತ್ತೆ ಹತ್ತು, ನಾಡಿದ್ದು ಮತ್ತೆ ಹತ್ತು ಎಂದು ಇಪ್ಪತ್ತು ವರ್ಷ ಕೂರುವುದನ್ನು ಯೋಚಿಸಿದಾಗ ತಲೆ ತಾನಾಗಿ ಬಾಗುತ್ತದೆ.

ಈ ಕೆಲಸ ಒಂದೇ ಕಡೆ ಕುಳಿತು ನಡೆದದ್ದೂ ಅಲ್ಲ. 1877ರಲ್ಲಿ ಅವರು ಜರ್ಮನಿಗೆ ಮರಳಿದರು. ಬೇರೊಬ್ಬರಾಗಿದ್ದರೆ ಸಂಗ್ರಹಿಸಿದ್ದಷ್ಟನ್ನು ಅಚ್ಚಿಗೆ ಕೊಟ್ಟು ವಿಶ್ರಾಂತಿ ಪಡೆಯುತ್ತಿದ್ದರು. ಕಿಟೆಲ್ ಅವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿನ ಸಲುವಾಗಿ ಮತ್ತೆ ಭಾರತಕ್ಕೆ ಬಂದರು. ಕೆಲಸ ಒಂದು ಹಂತಕ್ಕೆ ಬಂದ ಮೇಲೆ 1892ರಲ್ಲಿ ಕೊನೆಯ ಬಾರಿಗೆ ಕನ್ನಡ ನೆಲವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಲ್ಲಿ 1,700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಆಗ ಅವರಿಗೆ ಅರವತ್ತೆರಡು ವರ್ಷ.

ಇಷ್ಟು ದೀರ್ಘಕಾಲ ಒಬ್ಬ ಮನುಷ್ಯನನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕಿದ್ದು ಏನು? ಸಂಬಳವೆನ್ನೋಣವೆಂದರೆ ಮಿಷನರಿಗಳಿಗೆ ಅದು ಜೀವನಕ್ಕೆ ಸಾಕಾಗುವಷ್ಟು ಮಾತ್ರ. ಕೀರ್ತಿಯೆನ್ನೋಣವೆಂದರೆ ಅದು ಬಂದದ್ದು ಕೆಲಸ ಮುಗಿದ ಮೇಲೆ. ಅಮೆರಿಕದಲ್ಲಿ ನೆಲೆಸಿದ್ದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು ಚಿತ್ರಕಾರರು, ಬೆಟ್ಟ ಹತ್ತುವವರು, ಚದುರಂಗದಾಟಗಾರರು, ಶಸ್ತ್ರವೈದ್ಯರು ಮೊದಲಾದವರನ್ನು ವಿಚಾರಿಸಿ ತಿಳಿದದ್ದನ್ನು 1990ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು. ಕೆಲಸದ ಗುರಿ ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಆಗಿಂದಾಗಲೇ ತಿಳಿಯಬೇಕು. ಕೆಲಸದ ಕಷ್ಟವು ಮಾಡುವವನ ಶಕ್ತಿಗೆ ಸರಿದೂಗಬೇಕು. ಆಗ ಮನಸ್ಸು ನದಿಯ ಹರಿವಿನಂತೆ ತಾನೇ ತಾನಾಗಿ ಸಾಗುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ, ಕೆಲಸವೇ ಸಂತೋಷವಾಗುತ್ತದೆ ಎಂಬುದು ಅವರ ವಿಚಾರದ ಸಾರ.

ಇದನ್ನು ಓದಿದಾಗ ನನಗೆ ನೆನಪಾದವರು ನಮ್ಮ ತಂದೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತರೆ ಪಂಚೆಯ ಅಂಚಿನ ಮೇಲೆಯೇ ಅವರ ದೃಷ್ಟಿ. ಒಂದು ಎಳೆ ಕಡಿದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು. ಗಂಟು ಹಾಕಿ ಮುಂದುವರಿಯುವರು. ತಾಯಿಯವರು ಊಟಕ್ಕೆ ಎರಡು ಸಲ ಕರೆದದ್ದು ಕೇಳುತ್ತಿರಲಿಲ್ಲ. ನೇಕಾರನಾಗಿದ್ದುಕೊಂಡೇ ವಚನಗಳನ್ನು ರಚಿಸಿದ ಜೇಡರ ದಾಸಿಮಯ್ಯನವರ ಪರಂಪರೆಯಲ್ಲಿ ಇದು ಹೊಸ ಮಾತಲ್ಲ. ಕಿಟೆಲ್ ಅವರಿಗೆ ಪದಗಳೇ ಎಳೆಗಳು. ಒಂದು ಪದ ಮುಗಿದರೆ ಒಂದು ಎಳೆ ಕೂಡಿತು. ಇಡೀ ಬಟ್ಟೆಯ ಚಿಂತೆ ಬಿಟ್ಟು ಕೈಯಲ್ಲಿರುವ ಎಳೆಗೆ ಪೂರ್ಣ ನ್ಯಾಯ ಸಲ್ಲಿಸಿದರೆ ಬಟ್ಟೆ ತಾನಾಗಿ ಬೆಳೆಯುತ್ತದೆ.

ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಏಕಾಗ್ರತೆಯೊಂದೇ ಹೊಟ್ಟೆ ತುಂಬಿಸುವುದಿಲ್ಲ. ಕಿಟೆಲ್ ಅವರ ಹಿಂದೆ ಮಿಷನ್ ಇತ್ತು, ಮುದ್ರಣಾಲಯವಿತ್ತು, ಪಂಡಿತರಿದ್ದರು. ನಮ್ಮ ತಂದೆಯವರ ಹಿಂದೆ ಅಂಥದ್ದೇನೂ ಇರಲಿಲ್ಲ. ವಿದ್ಯುತ್ ಮಗ್ಗಗಳು ಬಂದ ಮೇಲೆ ಕೂಲಿ ಸಾಲದೆ ಅವರು ಕೈಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಬೇಕಾಯಿತು. ಆ ದಿನ ಅವರು ಮಾತಾಡಲಿಲ್ಲ. ಅವರ ಕೆಲಸದಲ್ಲಿ ಲೋಪವಿರಲಿಲ್ಲ. ಕೆಲಸಕ್ಕೆ ಆಸರೆ ಇರಲಿಲ್ಲ.

ನಾನು ಲೆಕ್ಕದ ಕೆಲಸಕ್ಕೆ ಸೇರಿದೆ. ಮೊದಲ ಕೆಲವು ವರ್ಷ ಆ ಕೆಲಸ ನನಗೆ ಬೇಡವಾಗಿತ್ತು. ಬೆಳಗ್ಗೆ ಕುಳಿತರೆ ಗಡಿಯಾರದ ಮೇಲೆಯೇ ಕಣ್ಣು. ಒಂದು ಸಾರಿ ಅಜಾಗ್ರತೆಯಿಂದ ಎರಡು ಅಂಕಿಗಳನ್ನು ಅದಲುಬದಲು ಬರೆದು, ಒಬ್ಬ ಬಡ ನೇಕಾರರಿಗೆ ಸಲ್ಲಬೇಕಾದ ಹಣ ತಿಂಗಳುಗಟ್ಟಲೆ ತಡವಾಯಿತು. ಆ ಮನುಷ್ಯರು ಬಂದು ನನ್ನ ಮುಂದೆ ಮೌನವಾಗಿ ನಿಂತಾಗ ತಂದೆಯವರೇ ನಿಂತಂತೆ ತೋರಿ ನಾಚಿಕೆಯಿಂದ ಕುಗ್ಗಿದೆ. ಕಡಿದ ಎಳೆಯನ್ನು ಕಾಣದೆ ಮುಂದೆ ಹೋದ ನೇಕಾರ ನಾನಾಗಿದ್ದೆ. ಅದೇ ವಾರ ಶಾಲೆಗೆ ಯಾವುದೋ ಕಾರ್ಯಕ್ಕಾಗಿ ಹೋದವನು ಗ್ರಂಥಾಲಯದಲ್ಲಿ ಆ ಸಂಪುಟವನ್ನು ಮತ್ತೆ ತೆರೆದೆ. ಪುಟಕ್ಕೆ ಪುಟ, ಎಲ್ಲಿಯೂ ಅವಸರದ ಗುರುತಿಲ್ಲ. ಸಣ್ಣ ಪದವೆಂದು ಉದಾಸೀನವಿಲ್ಲ. ಮರುದಿನದಿಂದ ಒಂದು ನಿಯಮ ಮಾಡಿಕೊಂಡೆ: ಒಂದು ಖಾತೆ ತೆರೆದರೆ ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು, ಪ್ರತಿ ಅಂಕಿಯ ಹಿಂದೆ ಇರುವ ಮನುಷ್ಯನನ್ನು ಒಮ್ಮೆ ನೆನೆಯಬೇಕು. ಕೆಲವು ತಿಂಗಳಲ್ಲಿ ಗಡಿಯಾರ ನೋಡುವ ಚಟ ಬಿಟ್ಟುಹೋಯಿತು. ಕೆಲಸ ಅದೇ, ಕುರ್ಚಿ ಅದೇ. ಸಂಜೆ ಮನೆಗೆ ಬರುವಾಗಿನ ಮನಸ್ಸು ಮಾತ್ರ ಬೇರೆಯಾಗಿತ್ತು.

ಕಿಟೆಲ್ ಅವರ ಕಥೆಯ ಉಳಿದ ಭಾಗ ಚಿಕ್ಕದು. ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ನೆಲೆಸಿದ ಅವರಿಗೆ 1896ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಗೌರವ ಬಂತೆಂದು ಅವರು ಲೇಖನಿ ಕೆಳಗಿಡಲಿಲ್ಲ. ಮತ್ತೆ ಕುಳಿತು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ನಿಧನರಾದರು. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ, ಬಾಳಿನ ಕೊನೆಯ ವರ್ಷದವರೆಗೂ ಅವರ ಕೈಯಲ್ಲಿದ್ದದ್ದು ಕನ್ನಡವೇ. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಉಳಿಸಿದೆ.

ಅವರ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ, 1968ರಿಂದ 1971ರೊಳಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ನಮ್ಮ ಕಪಾಟಿನಲ್ಲಿದ್ದದ್ದು ಅವೇ. ತಮಿಳುನಾಡಿನ ವಿಶ್ವವಿದ್ಯಾನಿಲಯವೊಂದು ಕನ್ನಡಕ್ಕೆ ಸಲ್ಲಿಸಿದ ಈ ಸೇವೆಯನ್ನು ಇಲ್ಲಿನ ಕನ್ನಡಿಗರಾದ ನಾವು ಕೃತಜ್ಞತೆಯಿಂದ ನೆನೆಯಬೇಕು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು ಅನೇಕ ವಿದ್ವಾಂಸರ ನೆರವಿನಿಂದ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟನ್ನು 1995ರಲ್ಲಿ ಪೂರ್ಣಗೊಳಿಸಿತು. ದಾರಿ ಅಗಲವಾಯಿತು, ಮೊದಲು ಅದನ್ನು ಸವೆಸಿದವರಲ್ಲಿ ಕಿಟೆಲ್ ಅಗ್ರಗಣ್ಯರು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿಯೂ ತಂದೆತಾಯಂದಿರಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಓದಿ ಯಾವ ಉದ್ಯೋಗಕ್ಕೆ ಹೋದರೂ ಹೋಗಲಿ. ದಿನಕ್ಕೆ ಹತ್ತೇ ಕನ್ನಡ ಪದಗಳನ್ನು, ಅವಸರವಿಲ್ಲದೆ, ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳುವ ಅಭ್ಯಾಸವನ್ನು ಅವರಿಗೆ ಮಾಡಿಸೋಣ. ಭಾಷೆಯೂ ಉಳಿಯುತ್ತದೆ, ಒಂದರಲ್ಲಿ ಮನಸ್ಸು ನಿಲ್ಲಿಸುವ ವಿದ್ಯೆಯೂ ಬರುತ್ತದೆ. ಏಕಾಗ್ರತೆಯಿಂದ ಪಾಠ ಹೇಳಿದ ಗುರುಗಳಿಗೆ, ಆಸರೆ ನೀಡಿ ಶಾಲೆಯನ್ನು ನಡೆಸಿದ ಹಿರಿಯರಿಗೆ ನನ್ನ ನಮಸ್ಕಾರಗಳು. ತಂದೆಯವರು ಕೇಳಿದ ಪ್ರಶ್ನೆಗೆ ಅವರ ಜೀವಿತಕಾಲದಲ್ಲಿಯೇ ಸವಿಸ್ತಾರವಾಗಿ ಉತ್ತರ ಹೇಳಲು ನನಗೆ ಸಾಧ್ಯವಾಗಲಿಲ್ಲ. ಈ ಲೇಖನವೇ ಆ ಉತ್ತರ. ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ, ಆ ಕಪಾಟಿನ ಬೀಗ ಮಕ್ಕಳಿಗಾಗಿ ಸದಾ ತೆರೆದಿರಲಿ ಎಂದು ಹಾರೈಸುತ್ತೇನೆ.